ಕೌದಿ ಹೊಲಿಯುತ್ತ ಊರ ಹಾಡು ಕೂಡಿಸುವುದು ಹೇಗೆ?

"ಆಯಿ, ಒಂದು ಬೀಸುವ ಪದ ಹೇಳ್ರಿ" ಎಂದು ಮೊಬೈಲ್ ಮುಂದೆ ಹಿಡಿದು ನೋಡಿ. ಬಾಗಲಕೋಟೆ ಆಗಲಿ, ಬೈಲಹೊಂಗಲ ಆಗಲಿ, ಉತ್ತರ ಸಾಮಾನ್ಯವಾಗಿ ಒಂದೇ: "ನನಗೇನ್ ಬರ್ತೈತಿ ತಮ್ಮಾ, ಎಲ್ಲಾ ಮರ್ತೀನಿ."

ಮರೆತಿರುವುದಿಲ್ಲ. ಬೀಸುವ ಪದ ಬೀಸುಕಲ್ಲಿನ ಮುಂದೆ ಕೂತು ಹಾಡಿದ್ದು. ಕಲ್ಲು ತಿರುಗಬೇಕು, ಎದುರಿಗೆ ಇನ್ನೊಬ್ಬಳು ಗೂಟ ಹಿಡಿದು ದನಿ ಕೂಡಿಸಬೇಕು. ಹಂತಿ ಪದವೂ ಹಾಗೆಯೇ. ಕಣದ ನಡುವಿನ ಮೇಟಿಗೆ ಎತ್ತು ಕಟ್ಟಿ, ರಾತ್ರಿ ಜೋಳದ ತೆನೆ ತುಳಿಸುವಾಗ ಬರುತ್ತಿದ್ದ ಹಾಡು ಅದು. ರಾಶಿ ಮಾಡುವ ಮಷಿನ್ ಬಂತು, ಕಣ ಹೋಯಿತು, ಹಾಡಿಗೆ ಜಾಗವೇ ಇಲ್ಲದಾಯಿತು. ಊರ ಹಾಡು ಕೂಡಿಸಬೇಕೆಂದು ಹೊರಟವರು ಮೊದಲು ಮಾಡಬೇಕಾದದ್ದು ರೆಕಾರ್ಡಿಂಗ್ ಅಲ್ಲ. ಕೈಗೆ ಒಂದು ಕೆಲಸ ಕೊಡುವುದು. ಕೈ ಓಡತೊಡಗಿದರೆ ಹಾಡು ತಾನಾಗಿ ಬರುತ್ತದೆ.

ಕೆಲಸ ಹೂಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಲೋ ಕೆಲಸ ಕೌದಿ, ಅಂದರೆ ಹಳೆ ಬಟ್ಟೆಯ ತುಂಡು ಕೂಡಿಸಿದ ಹೊದಿಕೆ, ಹೊಲಿಯುವುದು. ಬೀಸುಕಲ್ಲು ಹುಡುಕಿ ತರಬಹುದು, ಆದರೆ ಅದಕ್ಕೆ ಇಬ್ಬರೇ ಸಾಕು. ಕೌದಿಯ ಸುತ್ತ ಐದಾರು ಮಂದಿ ಕೂರಬಹುದು. ಕಲ್ಲಿನ ಸದ್ದಿಲ್ಲ, ಆದ್ದರಿಂದ ಮಾತು ಕೇಳುತ್ತದೆ. ಮತ್ತೆ, ಅದು ಒಂದೇ ದಿನಕ್ಕೆ ಮುಗಿಯುವುದಿಲ್ಲ. ಮೊದಲ ದಿನ ಸುಮ್ನೆ ಕೂತ ಆಯಿ ಮೂರನೇ ದಿನ ಹಾಡುತ್ತಾಳೆ.

ಮನೆಗೊಂದರಂತೆ ಹಳೆ ಬಟ್ಟೆ ಕೇಳಿ. ಸವೆದ ಇಳಕಲ್ ಸೀರೆಯ ಸೆರಗು, ಮುತ್ಯಾನ ಧೋತರ, ಟೇಲರ್ ಅಂಗಡಿಯಲ್ಲಿ ಉಳಿದ ಗುಳೇದಗುಡ್ಡ ಖಣದ ತುಂಡು, ಏನಾದರೂ ಸರಿ. ಗಟ್ಟಿ ಸೀರೆಯ ಎರಡು ತುಂಡನ್ನು ಪಕ್ಕಪಕ್ಕ ಜೋಡಿಸಿ, ಆರು ಅಡಿ ಅಗಲ, ಏಳು ಅಡಿ ಉದ್ದ ಮಾಡಿ ನೆಲಕ್ಕೆ ಹಾಸಿ. ಒಳಗೆ ಮೆತ್ತನೆಯ ಹಳೆ ಬಟ್ಟೆ, ಮೇಲೆ ತುಂಡುಗಳು. ಅಂಚಿನಿಂದ ಹೊಲಿಗೆ ಶುರು ಮಾಡಿ ಸುತ್ತುತ್ತ ನಡುವಿಗೆ ಬನ್ನಿ.

ತುಂಡುಗಳನ್ನು ಊರಿನ ನಕ್ಷೆಯ ಹಾಗೆ ಜೋಡಿಸಿದರೆ ಕೆಲಸಕ್ಕೆ ಇನ್ನೊಂದು ಅರ್ಥ ಬರುತ್ತದೆ. ಅಗಸಿ ಬಾಗಿಲು ಎಲ್ಲಿತ್ತು, ಹನುಮಪ್ಪನ ಗುಡಿ ಎಲ್ಲಿ, ಯಾವ ಓಣಿ ದಾಟಿ ನೀರಿಗೆ ಹೋಗುತ್ತಿದ್ದರು? ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಗಳಲ್ಲಿ ಇರುವವರಿಗಂತೂ ಇದನ್ನು ಮಾಡಲೇಬೇಕು ಎಂದು ಹೇಳುತ್ತೇನೆ. ಹಳೆ ಊರಿನ ಹೊಳೆದಂಡೆ, ಬಾವಿ, ಬೇವಿನ ಮರ ಈಗ ಉಳಿದಿರುವುದು ಹಿರಿಯರ ನೆನಪಿನಲ್ಲಿ ಮತ್ತು ಅವರ ಹಾಡುಗಳಲ್ಲಿ. ಬಾವಿಯ ತುಂಡು ಎಲ್ಲಿ ಇಡಬೇಕು ಎಂದು ಇಬ್ಬರು ಅಕ್ಕಂದಿರು ವಾದ ಮಾಡುತ್ತಾರೆ ನೋಡಿ, ಆ ವಾದವನ್ನೂ ರೆಕಾರ್ಡ್ ಮಾಡಿಕೊಳ್ಳಿ.

ಯಾವಾಗ ಕೂಡಬೇಕು

ನಾಗರ ಪಂಚಮಿಗಿಂತ ಒಳ್ಳೆ ಹೊತ್ತಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬಂದಿರುತ್ತಾರೆ. ಒಂದೇ ಕಟ್ಟೆಯ ಮೇಲೆ ಹತ್ತೂರಿನ ಹಾಡು ಸಿಗುತ್ತದೆ. ಮಕ್ಕಳನ್ನು ಸೇರಿಸಿಕೊಳ್ಳಬೇಕಾದರೆ ಅದಕ್ಕೂ ಮುಂಚೆ, ಆಷಾಢದ ಮಂಗಳವಾರಗಳಲ್ಲಿ ಶುರು ಮಾಡಿ. ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡುತ್ತ ಹಾಡು ಕಲಿಯುವುದು ಅವರಿಗೆ ಆಟವೇ. ಗಣೇಶ ಚೌತಿ ಮುಗಿದ ಮೇಲೆ ಬುಟ್ಟಿಯಲ್ಲಿ ಜೋಕುಮಾರನನ್ನು ಹೊತ್ತು ಬರುವವರ ಹಾಡು, ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಹಾಡು ಆಯಾ ದಿನವೇ ಸಿಗುವಂಥವು. ಮೊಹರಂ ಬಂದಾಗ ರಿವಾಯತ್ ಪದ ಬಿಡಬೇಡಿ. ವಿಜಯಪುರದ ಕಡೆ ಅಲಾಯಿ ದೇವರ ಮುಂದೆ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತಾರೆ. ಒಂದು ಓಣಿಯ ಹಾಡನ್ನಷ್ಟೇ ಕೂಡಿಸಿ ಅದನ್ನು ಊರ ಹಾಡು ಅನ್ನಬಾರದು.

ರೆಕಾರ್ಡ್ ಮಾಡುವ ರೀತಿ

ಸಾದಾ ಮೊಬೈಲೇ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ನಿಲ್ಲಿಸಿ. ಮಡಚಿದ ಬಟ್ಟೆಯ ಮೇಲೆ, ಹಾಡುವವರಿಂದ ಒಂದು ಮೊಳ ದೂರದಲ್ಲಿ ಇಡಿ. ಬೀಸುಕಲ್ಲು ಇರುವ ನೆಲದ ಮೇಲೆ ನೇರವಾಗಿ ಇಟ್ಟರೆ ಗರಗರ ಸದ್ದೇ ಜಾಸ್ತಿ ಬರುತ್ತದೆ. ಆ್ಯಪ್‌ನಲ್ಲಿ ವೇವ್ ಫೈಲ್ ಆಯ್ಕೆ ಮಾಡಿ. ಮೋನೋದಲ್ಲಿ ಒಂದು ಗಂಟೆಗೆ ಸುಮಾರು 300 ಎಂಬಿ ಹಿಡಿಯುತ್ತದೆ, ಹಿಡಿಯಲಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಶುರುವಿಗೆ ತಾರೀಖು, ಊರು, ಹಾಡುವವರ ಹೆಸರು, ಈ ಹಾಡು ಅವರಿಗೆ ಯಾರಿಂದ ಬಂತು ಎಂಬುದನ್ನು ಬಾಯಲ್ಲೇ ಹೇಳಿಸಿ.

ಇದಕ್ಕೆ ಮುಂಚೆ ಒಪ್ಪಿಗೆ ಕೇಳಬೇಕು. ಊರಲ್ಲಿ ಕೇಳಿಸಬಹುದಾ, ಯೂಟ್ಯೂಬ್‌ಗೆ ಹಾಕಬಹುದಾ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಎಲ್ಲಮ್ಮನ ಭಕ್ತರು ದೇವಿ ಮುಂದೆ ಹಾಡುವ ಚೌಡಕಿ ಪದ, ಸಾವಿನ ಮನೆಯ ಹಾಡು ಇವನ್ನು ಹೊರಗೆ ಬಿಡಲು ಒಪ್ಪದವರಿದ್ದಾರೆ. ಬೇಡ ಅಂದರೆ ಅಲ್ಲಿಗೇ ಬಿಡಿ.

ಬರೆದುಕೊಳ್ಳುವುದು

ಧ್ವನಿ ಇದ್ದರೂ ಬರೆಯಬೇಕು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮುಂತಾದ ಹಲಸಂಗಿ ಗೆಳೆಯರು ಮನೆಮನೆಯ ಹೆಣ್ಣುಮಕ್ಕಳ ಪದ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಹೊರತಂದರು. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ಒಲ್ಲೆ ಎಂದು ಇಂಗ್ಲಿಷರ ವಿರುದ್ಧ ಎದ್ದದ್ದು ಲಾವಣಿಯಾಗಿ ನಮ್ಮ ಕೈಗೆ ಸಿಕ್ಕಿದೆ. ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ್ದ.

ಕೇಳಿದ್ದನ್ನು ಕೇಳಿದ ಹಾಗೇ ಬರೆಯಿರಿ. 'ಜ್ವಾಳ' ಅಂದರೆ 'ಜ್ವಾಳ'ವೇ. ತಿದ್ದಿದರೆ ಧಾಟಿ ಕೆಡುತ್ತದೆ. ಬೀಸುವ ಪದ ಬಹಳಷ್ಟು ತ್ರಿಪದಿಯಲ್ಲಿರುತ್ತದೆ. ಹಾಡುವಾಗ ಎರಡನೇ ಸಾಲಿನ ಭಾಗವನ್ನು ಮತ್ತೆ ಎಳೆದು ಹಾಡುತ್ತಾರೆ. ಬರೆಯುವಾಗ ಮೂರೇ ಸಾಲು ಬರೆದು, ಎಲ್ಲಿ ಎಳೆದರು ಎಂದು ಪಕ್ಕದಲ್ಲಿ ಗುರುತು ಹಾಕಿ.

ಹಾಡಿನ ರಾತ್ರಿ

ಕೌದಿ ಮುಗಿದ ವಾರ ಗುಡಿ ಕಟ್ಟೆಯ ಮುಂದೆ ಎಲ್ಲರೂ ಕೂಡಿ. ಎತ್ತರದ ಸ್ಟೇಜ್ ಬೇಡ. ಹಾಡುವವರು ನಡುವೆ, ಕೇಳುವವರು ಸುತ್ತ. ಕೌದಿಯನ್ನು ಎಲ್ಲರಿಗೂ ಕಾಣುವಂತೆ ಗೋಡೆಗೆ ತೂಗುಹಾಕಿ. ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಮೈಕಿಗೂ ವಾದ್ಯಗಳಿಗೂ ನಿರ್ಬಂಧ ಇದೆ. ಹೀಗಾಗಿ ಸೋಬಾನ, ಬೀಸುವ ಪದದಂಥ ಮೆಲು ದನಿಯ ಹಾಡು ಮೈಕ್ ಇರುವಾಗಲೇ ಆಗಲಿ. ಗೀಗೀ ಪದದವರಿಗೆ ದಪ್ಪು, ತುಂತುಣಿ, ತಾಳ ಇದ್ದರೆ ಮೈಕಿನ ಹಂಗಿಲ್ಲ, ಆದರೆ ಅವರದೂ 10ರೊಳಗೆ ಮುಗಿಯಲಿ. ಹರದೇಶಿ ಮತ್ತು ನಾಗೇಶಿ ಎರಡೂ ಮೇಳ ಸಿಕ್ಕರೆ ಸವಾಲ್-ಜವಾಬ್ ಇಡಿ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಅವರು ಹಾಡಿನಲ್ಲೇ ಜಗಳಾಡುವುದನ್ನು ಕೇಳಲು ಹುಡುಗರೂ ಎದ್ದು ಹೋಗುವುದಿಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದ ಒಂದು ಪ್ರಸಂಗ ಆಡಿಸಬೇಕೆಂದರೆ ಲೋಕಾಪುರದ ಕಡೆ ವಿಚಾರಿಸಿ. ಕರ್ನಾಟಕ ಬಯಲಾಟ ಅಕಾಡೆಮಿಯ ಕಚೇರಿ ಬಾಗಲಕೋಟೆಯಲ್ಲೇ ಇದೆ.

ಪ್ರತಿ ಹಿರಿಯರ ಪಕ್ಕ ಒಬ್ಬ ಶಾಲೆ ಹುಡುಗಿಯೋ ಹುಡುಗನೋ ಕೂತು ಕೊನೆಯ ನುಡಿಗೆ ದನಿ ಕೂಡಿಸಲಿ. ವಾರದ ಮುಂಚೆ ದಿನಕ್ಕೊಂದು ನುಡಿ ಕಲಿಸಿದರೆ ಸಾಕು.

ಹಾಡಿದ ಹೆಣ್ಣುಮಕ್ಕಳಿಗೆ ಉಡಿ ತುಂಬಿ. ಅದರ ಜೊತೆ ಲಕೋಟೆಯಲ್ಲಿ ಹಣವನ್ನೂ ಕೊಡಬೇಕು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಶಾಲು ಹೊದಿಸಿ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ರೆಕಾರ್ಡಿಂಗ್ ಮತ್ತು ಬರಹದ ಮೂರು ಪ್ರತಿ ಮಾಡಿ. ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಶಾಲೆಗೆ, ಒಂದು ನಿಮ್ಮ ಗುಂಪಿಗೆ. ಹಾಡಿದವರ ಮನೆಗೆ ಅವರವರ ಹಾಡನ್ನು ಮೆಮೊರಿ ಕಾರ್ಡ್‌ಗೆ ಹಾಕಿ ಕೊಡಿ. ಮನೆಯವರ ಫೋನಿಗೆ ಅದನ್ನು ಸೇರಿಸಿ, ಆಯಿಗೆ ಒಮ್ಮೆ ಕೇಳಿಸಿ ಬನ್ನಿ. ಬಿಟ್ಟುಹೋದ ನುಡಿ ಆಕೆಗೆ ಆಗ ನೆನಪಾಗುವುದುಂಟು. ಪೆನ್ನು ಜೇಬಿನಲ್ಲಿರಲಿ.