ಪುಟ್ಟ ವಿಮಾನಕ್ಕೆ ಹಗುರ ರೇಡಿಯೊ: ಮೊದಲು ಆಂಟೆನಾ, ಆಮೇಲೆ ಪೆಟ್ಟಿಗೆ

ಎರಡು ಸೀಟಿನ ಮೈಕ್ರೋಲೈಟ್‌ಗೆ ರೇಡಿಯೊ ಕೊಳ್ಳುವವರು ಬೆಲೆ, ತೂಕ, ವ್ಯಾಟ್ ನೋಡಿ ದುಡ್ಡೆಲ್ಲ ಪೆಟ್ಟಿಗೆಗೇ ಸುರಿಯುತ್ತಾರೆ. ಆಂಟೆನಾ, ಕೇಬಲ್‌ಗೆ ಉಳಿದ ಚಿಲ್ಲರೆ. ಹಾರಿದ ಮೇಲೆ ಟವರ್‌ನವರಿಗೆ ಗೊರಗೊರ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಬೆಂಗಳೂರಿನ ಜಕ್ಕೂರಿನಂಥ ಕಡೆ, ಯಲಹಂಕ ವಾಯುನೆಲೆಯೂ ಕೆಂಪೇಗೌಡ ವಿಮಾನ ನಿಲ್ದಾಣವೂ ಹತ್ತಿರದಲ್ಲೇ ಇರುವ ಆಕಾಶದಲ್ಲಿ, ಇದು ಬರೀ ಕಿರಿಕಿರಿಯಲ್ಲ, ಅಪಾಯ.

ಮೊದಲು ವ್ಯಾಟ್ ಓದುವುದನ್ನು ಕಲಿಯಿರಿ. ಕೈಯಲ್ಲಿ ಹಿಡಿಯುವ ಸೆಟ್ಟಿನ ಡಬ್ಬದ ಮೇಲಿರುವ ‘6 ವ್ಯಾಟ್’ ಸಾಮಾನ್ಯವಾಗಿ ಪೀಕ್ ಲೆಕ್ಕ, ಅಂದರೆ ದನಿಯ ತುತ್ತತುದಿಯ ಬಲ; ಅದರ ಕ್ಯಾರಿಯರ್ ಬಲ, ಅಂದರೆ ದನಿ ಸೇರುವ ಮೊದಲಿನ ಬರೀ ಅಲೆಯ ಬಲ, ಸುಮಾರು ಒಂದೂವರೆ ವ್ಯಾಟ್ ಮಾತ್ರ. ಪ್ಯಾನಲ್‌ನಲ್ಲಿ ಕೂರಿಸುವ ಸೆಟ್ಟಿನ 6 ವ್ಯಾಟ್ ಕ್ಯಾರಿಯರ್ ಲೆಕ್ಕದ್ದು. ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಬೇಡಿ. ಇನ್ನು 6 ವ್ಯಾಟೋ 10 ವ್ಯಾಟೋ ಎಂಬ ಜಗಳ: ವ್ಯತ್ಯಾಸ ಬರೀ 2.2 ಡೆಸಿಬೆಲ್, ಕೇಳುವವರ ಕಿವಿಗೆ ಅಷ್ಟಾಗಿ ಗೊತ್ತೇ ಆಗುವುದಿಲ್ಲ. 300 ಮೀಟರ್ ಎತ್ತರದಲ್ಲಿದ್ದರೆ ನೆಲದ ಕೇಂದ್ರದ ಜೊತೆ ಸುಮಾರು 70 ಕಿಲೋಮೀಟರ್‌ವರೆಗೆ ನೇರ ದೃಷ್ಟಿರೇಖೆ ಸಿಗುತ್ತದೆ. ಅದರಾಚೆಗೆ ಅಡ್ಡ ಬರುವುದು ಭೂಮಿಯ ಬಾಗು, ನಿಮ್ಮ ವ್ಯಾಟ್ ಅಲ್ಲ. ಮೈಕ್ರೋಲೈಟ್‌ಗೆ 6 ವ್ಯಾಟ್ ಧಾರಾಳ.

ಅಗ್ಗದ ಚೀನೀ ವಾಕಿಟಾಕಿಯ ಆಸೆ ಬಿಡಿ. ವಿಮಾನದ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ ಎಎಂ ಎಂಬ ಪ್ರಸಾರ ವಿಧಾನದಲ್ಲಿ ನಡೆಯುತ್ತದೆ. ಅವು ಪ್ರಸಾರ ಮಾಡುವುದು ಎಫ್‌ಎಂನಲ್ಲಿ. ಕೆಲವದರಲ್ಲಿ ವಿಮಾನದ ಮಾತು ಕೇಳಿಸಬಹುದು, ಅಷ್ಟೇ. ಯುರೋಪ್ 8.33 ಕಿಲೋಹರ್ಟ್ಸ್ ಅಂತರದ ಚಾನೆಲ್‌ಗಳಿಗೆ ಬದಲಾದ ಮೇಲೆ ಅಲ್ಲಿನ ಹಳೆಯ 25 ಕಿಲೋಹರ್ಟ್ಸ್ ಸೆಟ್‌ಗಳು ಕೈ ಬದಲಾಯಿಸುತ್ತಿವೆ. ಹೊಸದಾಗಿ ದುಡ್ಡು ಹಾಕುವವರು ಎರಡೂ ಅಂತರಕ್ಕೆ ಹೊಂದುವುದನ್ನೇ ಕೊಳ್ಳಿ. ವಿಮಾನದ ರೇಡಿಯೊಗೆ ದೂರಸಂಪರ್ಕ ಇಲಾಖೆಯ ಪರವಾನಗಿ, ಮಾತಾಡುವವರಿಗೆ ಆರ್‌ಟಿಆರ್ ಎಂಬ ರೇಡಿಯೊ ಬಳಕೆಯ ಪರವಾನಗಿ ಬೇಕೇ ಬೇಕು.

ತೂಕ, ಜಾಗದ ವಿಷಯ ಸುಲಭ. 57 ಮಿಲಿಮೀಟರ್ ದುಂಡು ತೂತಿನಲ್ಲಿ ಕೂರುವ, ಅರ್ಧ ಕಿಲೋ ಆಸುಪಾಸಿನ ಸೆಟ್‌ಗಳು ಬೇಕಾದಷ್ಟಿವೆ. ಪ್ಯಾನಲ್ ಹಿಂದೆ ಆಳ ಸಾಲದಿದ್ದರೆ ಟ್ರಿಗ್ ಟಿವೈ91ರಂತೆ ಗುಂಡಿಗಳ ತಲೆ ಬೇರೆ, ಪೆಟ್ಟಿಗೆ ಬೇರೆ ಇರುವುದನ್ನು ಆರಿಸಿ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಕಡ್ಡಿ ಆಂಟೆನಾ ಅರ್ಧ ಆಂಟೆನಾ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಹರಡಿದ ಲೋಹ. ಅಲ್ಯೂಮಿನಿಯಂ ಮೈಯ ವಿಮಾನದಲ್ಲಿ ಅದು ತಾನಾಗಿಯೇ ಸಿಗುತ್ತದೆ, ಆದರೆ ಬುಡದ ಕೆಳಗಿನ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಿಸಿರಬೇಕು. ಬಟ್ಟೆ ಅಥವಾ ಫೈಬರ್‌ಗ್ಲಾಸ್ ಮೈಯಾದರೆ ನೀವೇ ಮಾಡಬೇಕು: ಬುಡದಿಂದ ನಾಲ್ಕು ದಿಕ್ಕಿಗೆ ತಲಾ 55ರಿಂದ 60 ಸೆಂಟಿಮೀಟರ್ ಉದ್ದದ ತಾಮ್ರದ ಪಟ್ಟಿ ಒಳಮೈಗೆ ಅಂಟಿಸಿ, ನಾಲ್ಕನ್ನೂ ಕೇಬಲ್‌ನ ಹೊರ ಜಾಲರಿಗೆ ಸೇರಿಸಿ. ಇದನ್ನು ಬಿಟ್ಟರೆ ಕೇಬಲ್ಲೇ ಆಂಟೆನಾ ಆಗಿಬಿಡುತ್ತದೆ. ಮಾತಾಡಲು ಗುಂಡಿ ಒತ್ತಿದಾಗ ಮೀಟರುಗಳ ಮುಳ್ಳು ಕುಣಿಯುವುದು, ಹೆಡ್‌ಸೆಟ್‌ನಲ್ಲಿ ಕೀಚಲು ಬರುವುದು ಇದರಿಂದಲೇ. ಕಾರ್ಬನ್ ಫೈಬರ್ ಮೈಯೊಳಗೆ ಆಂಟೆನಾ ಬಚ್ಚಿಡಬೇಡಿ, ಅದು ಅಲೆಯನ್ನು ಹೊರಗೆ ಬಿಡುವುದಿಲ್ಲ.

ಕಡ್ಡಿಯ ಉದ್ದ ಬುಡದಿಂದ ಸುಮಾರು 56 ಸೆಂಟಿಮೀಟರ್. ಸ್ವಲ್ಪ ಉದ್ದವೇ ಇಟ್ಟು, ಅಳೆದು ಐದೈದು ಮಿಲಿಮೀಟರ್ ಕತ್ತರಿಸಿ. ಅಳೆಯಬೇಕಾದ್ದು ಎಸ್‌ಡಬ್ಲ್ಯುಆರ್, ಅಂದರೆ ಆಂಟೆನಾದಿಂದ ಎಷ್ಟು ಶಕ್ತಿ ವಾಪಸು ಬರುತ್ತದೆ ಎಂದು ತೋರಿಸುವ ಅನುಪಾತ. ಅದಕ್ಕೆ ಸಿಬಿ ಎಂಬ ಸಾರ್ವಜನಿಕ ರೇಡಿಯೊದ ಮೀಟರ್ ಬೇಡ, ಅದು 27 ಮೆಗಾಹರ್ಟ್ಸ್‌ಗೆ ಮಾಡಿದ್ದು. ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಆಂಟೆನಾ ಅಳೆಯುವ ಉಪಕರಣ ಸಾಕು. ವಿಮಾನವನ್ನು ಹ್ಯಾಂಗರ್‌ನಿಂದ ಹೊರಗೆ ತನ್ನಿ, ತಗಡಿನ ಸೂರಿನ ಕೆಳಗೆ ಅಳತೆ ಸುಳ್ಳು ಹೇಳುತ್ತದೆ. ಕೇಬಲ್‌ನ ರೇಡಿಯೊ ತುದಿಗೆ ಉಪಕರಣ ಸಿಕ್ಕಿಸಿ, ಜನರನ್ನು ದೂರ ನಿಲ್ಲಿಸಿ, 118, 127, 136 ಮೆಗಾಹರ್ಟ್ಸ್‌ನಲ್ಲಿ ಓದಿ. ಮೂರೂ ಕಡೆ 2ರ ಒಳಗಿದ್ದರೆ ಸರಿ. 3 ಬಂದರೆ ಕಾಲು ಭಾಗ ಶಕ್ತಿ ಸೆಟ್ಟಿಗೇ ವಾಪಸು. ಎಲ್ಲ ಕಡೆ 1.0 ಬಂದರೆ ಹಿಗ್ಗಬೇಡಿ: ನೀರು ಕುಡಿದ ಕೇಬಲ್ ಶಕ್ತಿಯನ್ನು ನುಂಗಿ ಹಾಗೆ ತೋರಿಸುತ್ತದೆ.

ಕೇಬಲ್ ಆರ್‌ಜಿ400 ಇರಲಿ. ಮೂರು ಮೀಟರಿನಲ್ಲಿ ನಷ್ಟದ ಲೆಕ್ಕ ಮಾಮೂಲಿ ಆರ್‌ಜಿ58ಕ್ಕಿಂತ ಹೇಳಿಕೊಳ್ಳುವಷ್ಟು ಬೇರೆಯಲ್ಲ; ಎರಡು ಪದರದ ಜಾಲರಿ ಮತ್ತು ಎಂಜಿನ್ ಶಾಖ ತಡೆಯುವ ಗುಣಕ್ಕಾಗಿ ಅದು. ಕೇಬಲ್ ತುದಿಯ ಬಿಎನ್‌ಸಿ ಕನೆಕ್ಟರನ್ನು ಕ್ರಿಂಪ್ ಮಾಡುವ, ಅಂದರೆ ಅದುಮಿ ಕೂರಿಸುವ, ಸರಿಯಾದ ಇಕ್ಕಳ ಇಲ್ಲದಿದ್ದರೆ ಆ ಕೆಲಸ ಬಲ್ಲವರಿಗೇ ಬಿಡಿ. ಕಟಿಂಗ್ ಪ್ಲೇಯರ್‌ನಲ್ಲಿ ಅದುಮಿದ ಜೋಡಣೆ ಎಂಜಿನ್ ನಡುಕಕ್ಕೆ ಸಡಿಲವಾಗುತ್ತದೆ.

ಕರೆಂಟ್: ಮಾತಾಡುವಾಗ ಸೆಟ್ 2ರಿಂದ 3 ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಮೂರು ಮೀಟರ್ ದೂರಕ್ಕೆ 22 ಗೇಜ್‌ನ ಸಣ್ಣ ತಂತಿ ಹಾಕಿದರೆ ಹೋಗಿ ಬರುವುದರಲ್ಲಿ ಹತ್ತಿರತ್ತಿರ ಒಂದು ವೋಲ್ಟ್ ಕರಗುತ್ತದೆ. ಅದಕ್ಕಿಂತ ದಪ್ಪನೆಯ 18 ಗೇಜ್ ಹಾಕಿ, 5 ಆಂಪಿಯರ್ ಫ್ಯೂಸ್ ಇಡಿ. ರೋಟಾಕ್ಸ್ 912 ಎಂಜಿನ್ ಇದ್ದರೆ ವೋಲ್ಟೇಜ್ ರೆಗ್ಯುಲೇಟರ್ ಪಕ್ಕ 22,000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆಯೇ ನೋಡಿ. ಅದಿಲ್ಲದೆ ಬರುವ ಗುಂಯ್ ಸದ್ದಿಗೆ ಜನ ರೇಡಿಯೊ ಬಿಚ್ಚುತ್ತಾ ಕೂರುತ್ತಾರೆ.

ಹೆಡ್‌ಸೆಟ್ ಜ್ಯಾಕ್‌ಗಳು ಲೋಹದ ಪ್ಯಾನಲ್‌ಗೆ ತಾಗಬಾರದು, ಪ್ಲಾಸ್ಟಿಕ್ ವಾಷರ್ ಹಾಕಿ. ಆಡಿಯೊ ತಂತಿಯ ಜಾಲರಿಯನ್ನು ರೇಡಿಯೊ ತುದಿಯಲ್ಲಿ ಮಾತ್ರ ಗ್ರೌಂಡ್‌ಗೆ ಕೊಡಿ. ಮೈಕ್ ತುಟಿಗೆ ತಾಗುವಷ್ಟು ಹತ್ತಿರವಿರಲಿ, ಗೇನ್, ಅಂದರೆ ಮೈಕ್‌ನ ಸದ್ದು ಹಿಗ್ಗಿಸುವ ಮಟ್ಟ, ತಗ್ಗಿಸಿ; ಗೇನ್ ಏರಿಸಿದಷ್ಟೂ ಎಂಜಿನ್ ಸದ್ದೇ ಮುಂದೆ ಬರುತ್ತದೆ. ಇಬ್ಬರು ಪರಸ್ಪರ ಮಾತಾಡುವ, ದನಿಗೆ ತಾನಾಗಿ ತೆರೆದುಕೊಳ್ಳುವ ಇಂಟರ್‌ಕಾಮ್ ಅನ್ನು ನೆಲದ ಮೇಲಲ್ಲ, ಕ್ರೂಸ್ ವೇಗದಲ್ಲಿ ಹೊಂದಿಸಿ. ತೆರೆದ ಕಾಕ್‌ಪಿಟ್‌ನಲ್ಲಿ ಅದರ ಗೋಜೇ ಬೇಡ, ಗಾಳಿಯೇ ಅದನ್ನು ಸದಾ ತೆರೆದಿಡುತ್ತದೆ. ಅಂಥ ಕಡೆ ಇಂಟರ್‌ಕಾಮ್‌ಗೂ ಒತ್ತಿ ಮಾತಾಡುವ ಒಂದು ಗುಂಡಿ ಇರಲಿ.

ಕೊನೆಯ ಪರೀಕ್ಷೆ ಗಾಳಿಯಲ್ಲಿ. ಟವರ್‌ನವರ ಒಪ್ಪಿಗೆ ಪಡೆದು, 25 ಕಿಲೋಮೀಟರ್ ಆಚೆಯಿಂದ ಒಂದು ಪೂರ್ತಿ ಸುತ್ತು ತಿರುಗುತ್ತಾ ನಾಲ್ಕು ದಿಕ್ಕಿಗೂ ಒಮ್ಮೊಮ್ಮೆ ಮಾತಾಡಿ. ಒಂದು ದಿಕ್ಕಿಗೆ ಮಾತ್ರ ದನಿ ಕುಗ್ಗಿದರೆ ಎಂಜಿನ್ನೋ ಚಕ್ರದ ಕಾಲೋ ಆಂಟೆನಾಗೆ ಮರೆಯಾಗಿದೆ ಎಂದರ್ಥ. ಆಂಟೆನಾದ ಜಾಗ ಬದಲಿಸಿ, ಸೆಟ್ಟನ್ನಲ್ಲ.