ಮರೆವಿರುವ ಮನೆಯಲ್ಲಿ ಕ್ಷೇತ್ರಕಾರ್ಯ: ಹೊಸ ಸಂಶೋಧಕರಿಗೆ

ಮೊದಲ ಭೇಟಿಯಲ್ಲಿ 'ಡಿಮೆನ್ಷಿಯಾ' (ನೆನಪು, ಯೋಚನೆ ಕುಂದುವ ಕಾಯಿಲೆ) ಎಂಬ ಪದ ನಿಮ್ಮ ಬಾಯಿಂದ ಬರಬಾರದು. ಬಂತೋ, ಮನೆಯವರು ಡಾಕ್ಟರಿಗೆ ಹೇಳಿದ್ದನ್ನೇ ನಿಮಗೂ ಒಪ್ಪಿಸುತ್ತಾರೆ. ಮಾನವಶಾಸ್ತ್ರಕ್ಕೆ ಬೇಕಾದ್ದು ಅದಕ್ಕೂ ಮುಂಚೆ ಅವರು ಆಡಿಕೊಂಡ ಮಾತು. "ಅಜ್ಜಿಗೆ ಹೀಗೆ ಯಾವಾಗಿಂದ? ಆಗ ಏನಂದುಕೊಂಡ್ರಿ?" ಅಷ್ಟೇ ಸಾಕು. 'ಅರಳು ಮರಳು', 'ಹಟ', 'ಬೇಕೂಂತಲೇ ಮಾಡ್ತಾರೆ' ಹೀಗೆ ಬಂದ ಮಾತನ್ನು ಯಾರು, ಯಾರೆದುರು ಅಂದರು ಎಂಬುದರ ಸಮೇತ ಬರೆದುಕೊಳ್ಳಿ. ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು. ಹಿಂದಿಯಲ್ಲಿ ಅರವತ್ತರಿಂದಲೇ ಹುಟ್ಟಿದ 'ಸಠಿಯಾನಾ'. ವಾರಾಣಸಿಯಲ್ಲಿ ಕೆಲಸ ಮಾಡಿದ ಮಾನವಶಾಸ್ತ್ರಜ್ಞ ಲಾರೆನ್ಸ್ ಕೋಹೆನ್ 1998ರ ಪುಸ್ತಕದಲ್ಲಿ ಇಂಥ ಮಾತುಗಳಿಂದಲೇ ಮುಪ್ಪಿನ ಮರೆವನ್ನು ಮನೆಯೊಳಗಿನ ಸಂಬಂಧಗಳ ಜೊತೆಗಿಟ್ಟು ನೋಡಿದರು. ಜಪಾನ್ ಅಂತೂ 2004ರಲ್ಲಿ ಹೀಗಳೆಯುವ ಧ್ವನಿಯಿದ್ದ 'ಚಿಹೋ' ಕೈಬಿಟ್ಟು 'ನಿಂಚಿಶೋ' (ಅರಿವಿನ ತೊಂದರೆ) ಎಂದು ಈ ಕಾಯಿಲೆಯ ಹೆಸರನ್ನೇ ಬದಲಿಸಿತು.

ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಇಲ್ಲದೆ ಹೊಸ್ತಿಲು ದಾಟಬೇಡಿ. ತಾವೇ ನಿರ್ಧರಿಸಲಾಗದವರ ಪರವಾಗಿ ಕಾನೂನುಬದ್ಧ ಪ್ರತಿನಿಧಿಯ ಸಹಿ ಬೇಕು. ಹಾಗಂತ ಮಗ ಸಹಿ ಹಾಕಿದ ಮೇಲೆ ಅಜ್ಜಿಯನ್ನು ಕೇಳದೇ ಇರುವುದು ತಪ್ಪು. ಪ್ರತಿ ಭೇಟಿಯಲ್ಲೂ ಕೇಳಿ. ಮುಖ ತಿರುಗಿಸಿದರು, ಸೆರಗು ತಿರುಚುತ್ತ ಎದ್ದುಹೋದರು ಅಂದರೆ ಆ ದಿನಕ್ಕೆ 'ಬೇಡ' ಎಂದರ್ಥ. ರೆಕಾರ್ಡರ್ ಆಫ್ ಮಾಡಿ.

ತಿಂಡಿಯಾದ ಮೇಲೆ ಹೋಗಿ, 30ರಿಂದ 40 ನಿಮಿಷದಲ್ಲಿ ಮುಗಿಸಿ. ಸಂಜೆಯಾಗುತ್ತಿದ್ದಂತೆ ಹಲವರಲ್ಲಿ ಗೊಂದಲ, ಚಡಪಡಿಕೆ ಹೆಚ್ಚುತ್ತದೆ. "ನಾನು ಯಾರು ಹೇಳಿ ನೋಡೋಣ" ಎಂಬ ಪರೀಕ್ಷೆ ಬೇಡವೇ ಬೇಡ: ನೆಂಟರು ಅದನ್ನು ಆಗಲೇ ನೂರು ಸಲ ಮಾಡಿರುತ್ತಾರೆ. ಉತ್ತರ ತಪ್ಪಿದಾಗ ಆಗುವ ಅವಮಾನ ಮಾತ್ರ ಉಳಿಯುತ್ತದೆ, ಮುಂದಿನ ಮಾತು ನಿಂತುಹೋಗುತ್ತದೆ.

ಅದರ ಬದಲು ಕೈಯನ್ನು ನೋಡಿ. ಮಗಳ ಹೆಸರು ನೆನಪಾಗದವರು ಮಲ್ಲಿಗೆ ಕಟ್ಟಬಲ್ಲರು. ಅಭ್ಯಾಸದ ಕೆಲಸ ಕೈಯಲ್ಲಿ ಹೆಚ್ಚು ಕಾಲ ಉಳಿಯುವುದುಂಟು. ಎಷ್ಟು ಮೊಗ್ಗಿಗೆ ಕೈ ನಿಂತಿತು, ಜಾರಿದ ದಾರವನ್ನು ಯಾರು ಎತ್ತಿಕೊಟ್ಟರು, ಕೊಡುವಾಗ ಗದರಿದರೋ, ಸುಮ್ಮನಿದ್ದರೋ, ಇದೆಲ್ಲ ಟಿಪ್ಪಣಿಗೆ ಬರಬೇಕು.

ಆರೈಕೆಯ ಭಾರ ಹೆಚ್ಚಾಗಿ ಸೊಸೆಯದು. ಆದರೆ ನಡುಮನೆಯಲ್ಲಿ ಮಾತಾಡುವವನು ಮಗ. ಸೊಸೆಯನ್ನು ಬೇರೆ ದಿನ, ಬೇರೆಯಾಗಿ ಕಾಣಿ. ಅವರು ಹೇಳಿದ್ದನ್ನು ಮಗನೆದುರು ಬಾಯಿಬಿಟ್ಟರೆ ಆ ಮನೆಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ಎರಡು ಮೂರು ದಿನದಲ್ಲಿ ದಿಢೀರನೆ ಗೊಂದಲ ಹೆಚ್ಚಿದ್ದು ಕಂಡರೆ ಅದನ್ನು 'ದತ್ತಾಂಶ' ಎಂದು ಬರೆದುಕೊಂಡು ಕೂರಬೇಡಿ: ಸೋಂಕೋ ಹೊಸ ಮಾತ್ರೆಯೋ ಕಾರಣವಿರಬಹುದು, ತಕ್ಷಣ ಡಾಕ್ಟರಿಗೆ ತೋರಿಸಲು ಹೇಳಿ.

ಒಂದು ಗಂಟೆಯ ಧ್ವನಿಯನ್ನು ಬರಹಕ್ಕಿಳಿಸಲು ಐದಾರು ಗಂಟೆ ಹಿಡಿಯುತ್ತದೆ. ಅಜ್ಜಿಯ ಅರ್ಧ ವಾಕ್ಯವನ್ನು ನೀವು ಪೂರ್ತಿ ಮಾಡಬೇಡಿ. ಮೌನವಿದ್ದರೆ ಸೆಕೆಂಡಿನಲ್ಲಿ ಅಳೆದು ಹಾಕಿ, ಅದನ್ನು ಮುರಿದವರು ಯಾರೆಂಬುದನ್ನೂ ಪಕ್ಕದಲ್ಲೇ ಬರೆಯಿರಿ.