ತುಕ್ಕು ಹಿಡಿದು ಕಚ್ಚಿಕೊಂಡ ಹಳೆಯ ಜೀಪನ್ನು ಮತ್ತೆ ಉರುಳುವಂತೆ ಮಾಡುವುದು

ಸಂಡೂರಿನ ಸುತ್ತಲಿನ ಹಳ್ಳಿಗಳಲ್ಲಿ ಗಣಿ ಕೆಲಸಕ್ಕೆಂದು ಕೊಂಡ ಫೋರ್ ವೀಲ್ ಜೀಪುಗಳು ಈಗ ಎಷ್ಟೋ ಮನೆಗಳ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ನಿಂತಿವೆ. ಅಂಥದ್ದನ್ನು ಮತ್ತೆ ಓಡಿಸಬೇಕೆಂದು ಹೊರಟವರು ಮೊದಲ ದಿನವೇ ಮಾಡುವ ತಪ್ಪೆಂದರೆ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಯುವುದು. ನಾನೂ ಹಾಗೆಯೇ ಮಾಡಿದ್ದೆ. ಹಿಂದಿನ ಎರಡೂ ಚಕ್ರಗಳು ನೆಲವನ್ನು ಉತ್ತುಕೊಂಡು ಬಂದವೇ ಹೊರತು ಉರುಳಲಿಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಟಣ್ ಎಂಬ ಸದ್ದು ಕೇಳಿಸಿತು. ಬಿಚ್ಚಿ ನೋಡಿದರೆ, ಗೇರ್ ಬಾಕ್ಸಿನ ಕಡೆಯಿಂದ ಆಕ್ಸೆಲ್ಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು, ಅಂದರೆ ಕ್ರಾಸ್, ಮುರಿದಿತ್ತು. ನಿಜವಾಗಿ ಕಚ್ಚಿಕೊಂಡಿದ್ದದ್ದು ಹ್ಯಾಂಡ್ ಬ್ರೇಕ್ ಮಾತ್ರ.

ಆದ್ದರಿಂದ ಎಲ್ಲಿ ಕಚ್ಚಿಕೊಂಡಿದೆ ಎಂಬುದನ್ನು ಕಂಡುಕೊಳ್ಳುವ ತನಕ ಬಲ ಹಾಕಬಾರದು. ಮುಂದಿನ ಚಕ್ರಗಳಿಗೆ ಕಲ್ಲು ಒಡ್ಡಿ, ಹಿಂಭಾಗವನ್ನು ಜಾಕಿನಿಂದ ಎತ್ತಿ, ಆಕ್ಸೆಲ್ಲಿನ ಎರಡೂ ಬದಿಗೆ ಗಟ್ಟಿಯಾದ ಸ್ಟ್ಯಾಂಡ್ ಕೊಡಬೇಕು. ಬರೀ ಜಾಕನ್ನು ನಂಬಿ ಗಾಡಿಯ ಕೆಳಗೆ ನುಸುಳಬಾರದು. ನಂತರ ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಆಕ್ಸೆಲ್ಲಿನ ನಡುವಿನ ಗೇರ್ ಪೆಟ್ಟಿಗೆಯಾದ ಡಿಫರೆನ್ಷಿಯಲ್ ಕಡೆಯಿಂದ ಕಳಚಿ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಎರಡೂ ಚಕ್ರಗಳು ತಿರುಗಿದರೆ ದೋಷ ಶಾಫ್ಟಿನ ಮುಂದುಗಡೆ, ಗೇರ್ ಬಾಕ್ಸಿನ ಕಡೆ ಇದೆ ಎಂದರ್ಥ. ಈ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಚಕ್ರದಲ್ಲಿ ಇರದೆ, ಬಲವನ್ನು ಮುಂದಿನ ಹಿಂದಿನ ಆಕ್ಸೆಲ್ಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಶಾಫ್ಟ್ ಹೊರಬರುವ ಜಾಗದಲ್ಲಿರುತ್ತದೆ; ಅದರ ಶೂ (ಬ್ರೇಕ್ ಹಾಕಿದಾಗ ಡ್ರಮ್ಮನ್ನು ಒತ್ತುವ ಬಾಗಿದ ತುಂಡು) ಡ್ರಮ್ಮಿಗೆ ಅಂಟಿಕೊಂಡರೆ ಗೇರ್ ಬಾಕ್ಸೇ ಕೆಟ್ಟಿತೇನೋ ಎಂಬ ಭ್ರಮೆ ಹುಟ್ಟುತ್ತದೆ. ಶಾಫ್ಟ್ ಕಳಚಿದ ಮೇಲೆ ಒಂದೇ ಚಕ್ರ ತಿರುಗಿ ಇನ್ನೊಂದು ಅಲುಗದಿದ್ದರೆ ಆ ಇನ್ನೊಂದರ ಬ್ರೇಕ್ ಡ್ರಮ್ ಅಥವಾ ಬೇರಿಂಗ್ ಕಚ್ಚಿಕೊಂಡಿದೆ. ಎರಡೂ ಅಲುಗದಿದ್ದರೆ ಮೊದಲು ಎರಡು ಡ್ರಮ್ಮುಗಳನ್ನು ಬಿಚ್ಚಿ ನೋಡಿ, ಆಮೇಲೆ ಡಿಫರೆನ್ಷಿಯಲ್ಲನ್ನು ಅನುಮಾನಿಸಬೇಕು.

ಎಣ್ಣೆ ಹಾಕುವ ಮುನ್ನ ಧೂಳನ್ನು ಕೆರೆಯಬೇಕು. ನಮ್ಮ ಗುಡ್ಡಗಳ ಅದಿರೂ ಜೀಪಿನ ತುಕ್ಕೂ ಕಬ್ಬಿಣದ ಆಕ್ಸೈಡೇ ಆದ್ದರಿಂದ, ಬೋಲ್ಟಿನ ಸುತ್ತ ಗಟ್ಟಿಯಾದ ಕೆಂಪು ಪದರದಲ್ಲಿ ಧೂಳೆಷ್ಟು, ತುಕ್ಕೆಷ್ಟು ಎಂಬುದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಆ ಪದರದ ಮೇಲೆ ಸುರಿದ ಎಣ್ಣೆಯನ್ನು ಧೂಳೇ ಕುಡಿದುಬಿಡುತ್ತದೆ. ಬೋಲ್ಟಿನ ಮರೆಗೆ, ಅಂದರೆ ಅದರ ಸುರುಳಿ ಗೀರುಗಳಿಗೆ, ಒಂದು ಹನಿಯೂ ಇಳಿಯುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿ, ಮರೆಯ ಹೊರತುದಿ ಹೊಳೆಯುವ ಹಾಗೆ ಮಾಡಿದ ಮೇಲಷ್ಟೇ ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಬೇಕು. ಪವರ್ ಸ್ಟೀರಿಂಗಿಗೆ ಬಳಸುವ ಕೆಂಪು ಎಟಿಎಫ್ ಎಣ್ಣೆಯನ್ನೂ ಅಸಿಟೋನನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ ಒಳ್ಳೆಯ ಎಣ್ಣೆಯೇ ಸಿದ್ಧವಾಗುತ್ತದೆ, ಆದರೆ ಅಸಿಟೋನ್ ಬೇಗ ಹೊತ್ತಿಕೊಳ್ಳುತ್ತದೆ, ಬಣ್ಣವನ್ನೂ ರಬ್ಬರ್ ಸೀಲನ್ನೂ ತಿನ್ನುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹಾಕಿ, ಪ್ರತಿ ಸಲವೂ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕೈದು ಪೆಟ್ಟು ಕೊಟ್ಟು, ಎರಡು ಮೂರು ದಿನ ಬಿಡುವುದು ಲೇಸು.

ಸ್ಪ್ಯಾನರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಈ ಜೀಪುಗಳ ಹೆಚ್ಚಿನ ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚೆಂದರೆ 12.7 ಮಿಲಿಮೀಟರ್, ಅದಕ್ಕೆ 13ರ ಸ್ಪ್ಯಾನರ್ ಕೂತಂತೆ ಕಂಡರೂ ಬಲ ಬಿದ್ದ ಕೂಡಲೇ ಮೂಲೆಗಳನ್ನು ಸವೆಸಿ ಗುಂಡಗೆ ಮಾಡಿಬಿಡುತ್ತದೆ. ಆರು ಮೂಲೆಯ ಇಂಚಿನ ಸಾಕೆಟ್ಟನ್ನೇ ಬಳಸಬೇಕು. ಕೆಲವು ಹಳೆಯ ಮಾದರಿಗಳಲ್ಲಿ ಎಡಬದಿಯ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ ಇರುವುದೂ ಉಂಟು. ನಟ್ಟು ಕೂರುವ ಸ್ಟಡ್ಡಿನ ತುದಿಯಲ್ಲಿ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಕಂಡರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದನ್ನು ಅರಿಯದೆ ಪೈಪು ಸಿಕ್ಕಿಸಿ ಇನ್ನಷ್ಟು ಬಿಗಿ ಮಾಡಿ ಸ್ಟಡ್ ಕತ್ತರಿಸಿದವರು ಕಡಿಮೆ ಇಲ್ಲ.

ಬೋಲ್ಟು ತಿರುಗುತ್ತಿದೆಯೋ ತಿರುಚಿಕೊಳ್ಳುತ್ತಿದೆಯೋ ಎಂಬುದನ್ನು ಕೈಯೇ ಹೇಳುತ್ತದೆ. ಕಿರ್ರೆಂದು ಸದ್ದು ಮಾಡಿ ಸರಿದರೆ ಅದು ಬಿಡುತ್ತಿದೆ. ಸದ್ದಿಲ್ಲದೆ ರಬ್ಬರಿನಂತೆ ಮೆತ್ತಗೆ ಬಾಗಿದರೆ ಮುರಿಯುವ ಹಂತಕ್ಕೆ ಬಂದಿದೆ, ಅಲ್ಲಿಗೇ ನಿಲ್ಲಿಸಬೇಕು. ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ನಂತರ ಸಡಿಲಿಸಿದರೆ ತುಕ್ಕಿನ ಹಿಡಿತ ಒಡೆಯುತ್ತದೆ. ಕಾಲು ಸುತ್ತು ಬಂದ ಮೇಲೆ ಮತ್ತೆ ಎಣ್ಣೆ ಹಾಕಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಹೊರತೆಗೆಯಬೇಕು.

ಅದಕ್ಕೂ ಬಗ್ಗದಿದ್ದರೆ ಶಾಖ ಕೊಡಬೇಕು. 20 ಮಿಲಿಮೀಟರ್ ಅಗಲದ ಉಕ್ಕಿನ ನಟ್ಟನ್ನು 300 ಡಿಗ್ರಿಯಷ್ಟು ಬಿಸಿ ಏರಿಸಿದರೆ ಅದು ಹಿಗ್ಗುವುದು ಸುಮಾರು 0.07 ಮಿಲಿಮೀಟರ್ ಮಾತ್ರ, ಆದರೆ ತುಕ್ಕಿನ ಪದರ ಬಿರಿಯಲು ಅಷ್ಟು ಸಾಕು. ನಟ್ಟನ್ನು ಮಾತ್ರ ಕಾಯಿಸಬೇಕು, ಬೋಲ್ಟನ್ನಲ್ಲ. ಬಿಸಿ ಇಳಿಯುತ್ತಿರುವಾಗ ಮರೆಗೆ ಮೇಣದ ಬತ್ತಿ ಮುಟ್ಟಿಸಿದರೆ ಮೇಣ ಕರಗಿ ಒಳಗಿಳಿಯುತ್ತದೆ. ಅಸಿಟೋನ್ ಹಾಕಿದ ಜಾಗ, ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ಆಯಿಲ್ ಸೀಲುಗಳ ಬಳಿ ಬೆಂಕಿ ಸುಳಿಯಬಾರದು. ಬ್ರೇಕ್ ಕ್ಲೀನರ್ ಸಿಂಪಡಿಸಿದ ಭಾಗವನ್ನಂತೂ ಕಾಯಿಸಲೇಬಾರದು. ಕ್ಲೋರಿನ್ ಇರುವ ಕ್ಲೀನರ್ ಬೆಂಕಿಗೆ ಸಿಕ್ಕರೆ ಪ್ರಾಣಾಪಾಯದ ವಿಷಾನಿಲ ಹುಟ್ಟುತ್ತದೆ.

ಹಿಂದಿನ ಬ್ರೇಕ್ ಡ್ರಮ್ ಎಲ್ಲಕ್ಕಿಂತ ಹಟಮಾರಿ. ಹಳೆಯ ಮಾದರಿಗಳಲ್ಲಿ ಡ್ರಮ್ ಹೊತ್ತ ಹಬ್ಬು (ಚಕ್ರದ ನಡುಭಾಗ) ಆಕ್ಸೆಲ್ಲಿನ ಮೊನಚಾದ ತುದಿಗೆ ಕೀಲಿಯೊಂದಿಗೆ ಬಿಗಿದು ಕೂತಿರುತ್ತದೆ. ಹಿಂಬದಿಯ ತಟ್ಟೆಯಲ್ಲಿರುವ ಅಡ್ಜಸ್ಟರುಗಳನ್ನು ಸಡಿಲಿಸಿ ಶೂಗಳನ್ನು ಒಳಕ್ಕೆ ಸರಿಸಿ, ಸ್ಪ್ಲಿಟ್ ಪಿನ್ ಕಿತ್ತು, ನಡುವಿನ ದೊಡ್ಡ ನಟ್ಟನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ ಅಲ್ಲೇ ಬಿಡಬೇಕು. ಹಿಡಿದೆಳೆಯುವ ಸಲಕರಣೆಯಾದ ಪುಲ್ಲರನ್ನು ಬಿಗಿಮಾಡಿ ರಾತ್ರಿಯಿಡೀ ಹಾಗೆಯೇ ಇಟ್ಟರೆ ಕೆಲವೊಮ್ಮೆ ಯಾರೂ ಮುಟ್ಟದಿರುವಾಗಲೇ ಡ್ರಮ್ ಗುಂಡು ಹಾರಿದಂತೆ ಸದ್ದು ಮಾಡಿ ಹಿಡಿತ ಬಿಡುತ್ತದೆ. ಆಗ ಡ್ರಮ್ ಹಾರದಂತೆ ತಡೆಯುವುದು ಆ ನಟ್ಟೇ. ಆಕ್ಸೆಲ್ಲಿನ ತುದಿಗೆ ಸಮ್ಮೆಟಿಗೆಯಿಂದ ಬಡಿಯಬಾರದು, ಪೆಟ್ಟು ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಡ್ರಮ್ಮಿನೊಳಗಿನ ಹುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ.

ಪ್ರೊಪೆಲ್ಲರ್ ಶಾಫ್ಟಿನ ಜಾರುವ ಜಾಯಿಂಟ್ ಕಚ್ಚಿಕೊಂಡಿದ್ದರೆ ಎಳೆಯುವ ಮೊದಲು ಎರಡೂ ತುಂಡುಗಳ ಮೇಲೆ ಬಣ್ಣದಿಂದ ಒಂದೇ ಗೆರೆ ಹಾಕಿಕೊಳ್ಳಬೇಕು, ಇಲ್ಲವಾದರೆ ಜೋಡಿಸುವಾಗ ಹಲ್ಲು ತಪ್ಪಿ ಗಾಡಿ ನಡುಗುತ್ತದೆ. ಗ್ರೀಸ್ ನಿಪ್ಪಲ್ಲನ್ನು ಬಿಚ್ಚಿ ಆ ತೂತಿನಿಂದ ಎಣ್ಣೆ ತುಂಬಿ ಒಂದು ದಿನ ಬಿಟ್ಟು, ಹೊಸ ನಿಪ್ಪಲ್ ಹಾಕಿ ಗ್ರೀಸ್ ಗನ್ನಿನಿಂದ ಒತ್ತಿದರೆ ಒತ್ತಡಕ್ಕೇ ಅದು ಸರಿಯತೊಡಗುತ್ತದೆ. ತುಕ್ಕು ಹಿಡಿದ ಕ್ರಾಸನ್ನು ಉಳಿಸಿಕೊಳ್ಳುವ ಆಸೆ ಬೇಡ, ಹೊಸದನ್ನೇ ಹಾಕಬೇಕು.

ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಇಳಿಸುವ ಮುನ್ನ ತುಂಬುವ ಪ್ಲಗ್ ಬಿಚ್ಚುತ್ತದೆಯೇ ಎಂದು ನೋಡಿಕೊಳ್ಳಬೇಕು. ಇಳಿದ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಬಿಸಿಯಾದ ಆಕ್ಸೆಲ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಗಾಳಿಯಾಡುವ ತೂತಾದ ಬ್ರೀದರ್ ಧೂಳಿನಿಂದ ಮುಚ್ಚಿದ್ದರೆ ಸೀಲುಗಳ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರನ್ನು ಶುಚಿಗೊಳಿಸಿ, ಡೀಸೆಲ್ಲಿನಿಂದ ಒಳಭಾಗ ತೊಳೆದು, ಹಲ್ಲುಗಳಲ್ಲಿ ಗುಂಡಿ ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡು 90 ಗ್ರೇಡಿನ ಗೇರ್ ಎಣ್ಣೆ ತುಂಬಬೇಕು. ಬ್ರೇಕನ್ನು ಅಂಗಳದಲ್ಲೇ ಪರೀಕ್ಷಿಸಿ, ಮೊದಲ ಸಲ ಐದಾರು ಕಿಲೋಮೀಟರ್ ನಿಧಾನವಾಗಿ ಓಡಿಸಿ ನಿಲ್ಲಿಸಿ, ನಾಲ್ಕು ಚಕ್ರಗಳ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ನೋಡಬೇಕು. ಯಾವುದೋ ಒಂದು ಮಾತ್ರ ಕಾದ ಹಂಚಿನಂತೆ ಸುಡುತ್ತಿದ್ದರೆ ಆ ಚಕ್ರವನ್ನು ಮತ್ತೆ ಬಿಚ್ಚಬೇಕಾಗುತ್ತದೆ.